ಕಪಾಟಿನ ಕನ್ನಡಿ

ಮರಗೆಲಸದ ಮೇಸ್ತ್ರಿಗಳಿಗೆ ನಮಸ್ಕಾರ.

ನೀವು ಮಾಡಿಕೊಟ್ಟ ಕೋಣೆ ಎಲ್ಲಕ್ಕೂ ಒದಗುತ್ತಿದೆ. ಮಡಚುವ ಮೇಜಿನ ಮೇಲೆ ಮಗಳು ಓದುತ್ತಾಳೆ, ಅವಳು ಎದ್ದರೆ ನಾನು ಇಸ್ತ್ರಿ ಮಾಡುತ್ತೇನೆ. ಗೋಡೆ ಬದಿಯ ಮಂಚ ನಮ್ಮಮ್ಮನದು. ತಕರಾರು ಕಪಾಟಿನ ಕನ್ನಡಿ ಬಾಗಿಲಿನದೊಂದೇ. ಇಕ್ಕಟ್ಟಾದ ಕೋಣೆ ದೊಡ್ಡದಾಗಿ ಕಾಣಲೆಂದು ಹಟ ಹಿಡಿದು ಹಾಕಿಸಿಕೊಂಡವಳು ನಾನೇ, ನಿಮ್ಮ ತಪ್ಪಲ್ಲ.

ಅಮ್ಮನಿಗೆ ಈಗ ತನ್ನ ಮುಖದ ಗುರುತೇ ಸಿಗುತ್ತಿಲ್ಲ. ಕಪಾಟಿನೊಳಗೆ ಯಾರೋ ಮುದುಕಿ ಇದ್ದಾಳೆಂದು ನಂಬಿಬಿಟ್ಟಿದ್ದಾಳೆ. ಮೊದಮೊದಲು ಮಾತಾಡಿಸುತ್ತಿದ್ದಳು, ತನ್ನ ಬಿಸ್ಕತ್ತನ್ನೂ ನೀಡುತ್ತಿದ್ದಳು. ನಾವು ನಕ್ಕು ಸುಮ್ಮನಾಗುತ್ತಿದ್ದೆವು. ಈಗ ಕನ್ನಡಿಯನ್ನು ದಬದಬ ಬಡಿಯುತ್ತಾಳೆ. "ಪಾಪ, ಯಾರೇ ಇವಳನ್ನ ಕೂಡಿಹಾಕಿದ್ದು? ಅಳ್ತಿದಾಳೆ ಕಣೇ, ಬಾಗಿಲು ತೆಗಿಯೇ" ಎಂದು ನನ್ನ ಕೈ ಹಿಡಿದು ಜಗ್ಗುತ್ತಾಳೆ. ಹೊದಿಕೆ ಮುಚ್ಚಿದರೆ ಕಿತ್ತೆಸೆಯುತ್ತಾಳೆ.

ದಯವಿಟ್ಟು ಭಾನುವಾರ ಬಂದು ಕನ್ನಡಿ ಬಿಚ್ಚಿ, ಬರೀ ಪ್ಲೈವುಡ್ ಬಾಗಿಲು ಕೂಡಿಸಿಕೊಡಿ. ಕನ್ನಡಿಯನ್ನು ನೀವೇ ತೆಗೆದುಕೊಂಡು ಹೋಗಿ, ನನಗೆ ಬೇಡ.

ಹಾಗೇ ಇನ್ನೊಂದು ಕೆಲಸ. ಮೊನ್ನೆ ನಾನು ಶಾಲೆಯಲ್ಲಿದ್ದಾಗ ಅಮ್ಮ ಬರಿಗಾಲಲ್ಲಿ ದೊಡ್ಡ ರಸ್ತೆಯವರೆಗೆ ಹೋಗಿಬಿಟ್ಟಿದ್ದಳು. ಹಗಲು ಮನೆಯಲ್ಲಿ ಬೇರೆ ಯಾರೂ ಇರುವುದಿಲ್ಲ, ನಿಮಗೆ ಗೊತ್ತಲ್ಲ. ಈ ಕೋಣೆಯ ಬಾಗಿಲಿಗೆ ಒಂದು ಗಟ್ಟಿ ಚಿಲಕ ತನ್ನಿ.

ಹೊರಗಡೆಯಿಂದ ಹಾಕುವಂಥದ್ದು.

ಇಂತಿ,
ಮೂಲೆಮನೆ ಟೀಚರ್