ಕಲ್ಲಿನ ಮೇಲಿನ ಎರಡನೆಯ ಹೆಸರು

ಮಂಗಳವಾರ, 12 ಸೆಪ್ಟೆಂಬರ್ 1893, ಜಬಲ್ಪುರ

ಇವತ್ತೂ ಕುರಿಮಾಂಸ ಬೇಯಲಿಲ್ಲ. ಅಡುಗೆಯ ರಹೀಮನನ್ನು ಕೇಳಿದರೆ, ಕುರಿಯೇ ಮುದುಕಿ, ನಾನೇನು ಮಾಡಲಿ ಎಂದ. ನನ್ನ ಮುಖ ನೋಡಿಕೊಂಡೇ ಎಂದ. ಇರಲಿ.

ಮಗ ಅಂಬ್ರೋಸ್ ಟೆಲಿಗ್ರಾಫ್ ಆಫೀಸಿನಿಂದ ಬೇಗ ಬಂದ. ಟೋಪಿ ತೆಗೆಯುವ ಮೊದಲೇ ಸುದ್ದಿ. ರೂಪಾಯಿ ಬಿದ್ದು ಹೋಗಿದೆಯಲ್ಲ — ನಾನು ಹಡಗು ಇಳಿದಾಗ ಒಂದು ರೂಪಾಯಿಗೆ ಎರಡು ಶಿಲಿಂಗ್, ಈಗ ಒಂದು ಶಿಲಿಂಗ್, ಮೇಲೆ ಚಿಲ್ಲರೆ — ಆ ನಷ್ಟ ತುಂಬಲು ಸರ್ಕಾರ ಅಧಿಕಾರಿಗಳಿಗೆ ಸಂಬಳದ ಮೇಲೆ ಭತ್ಯೆ ಕೊಡುತ್ತದಂತೆ. ಎಲ್ಲರಿಗೂ ಅಲ್ಲ. ಸ್ವಂತ ಊರು ಇಂಗ್ಲೆಂಡ್ ಆಗಿರಬೇಕು. ಇಲ್ಲೇ ನೆಲೆ ನಿಂತವರಿಗೆ ಇಲ್ಲ.

"ನಿಂಗೆ ಹೇಗೆ ಬರುತ್ತೋ? ನೀನು ಹುಟ್ಟಿದ್ದು ಕಾಮ್ಟಿ ದಂಡಿನ ಕುದುರೆ ಲಾಯದ ಹಿಂದೆ," ಎಂದೆ.

"ಹುಟ್ಟಿದ್ದು ಎಲ್ಲಾದ್ರೂ ಇರಲಿ ಅಮ್ಮ. ನಮ್ಮ ಮನೆ ಯಾವೂರು ಅನ್ನೋದು ಮುಖ್ಯ."

ಅವನಿಗೆ ಮೂವತ್ತೆಂಟು ವರ್ಷ. ಹಡಗನ್ನು ಚಿತ್ರದಲ್ಲಿ ಬಿಟ್ಟು ಬೇರೆಲ್ಲೂ ನೋಡಿದವನಲ್ಲ.

ಆದರೆ ಭತ್ಯೆ ಬೇಕು, ಅದು ನನಗೂ ಗೊತ್ತು. ಮೊಮ್ಮಗ ಹ್ಯೂಬರ್ಟ್ ಇಂಗ್ಲೆಂಡಿನಲ್ಲಿ ಶಾಲೆಯಲ್ಲಿದ್ದಾನೆ. ಫೀಸು ಪೌಂಡಿನಲ್ಲಿ, ಸಂಬಳ ರೂಪಾಯಿಯಲ್ಲಿ. ಭತ್ಯೆ ಬರದಿದ್ದರೆ ಈಸ್ಟರ್ ಹೊತ್ತಿಗೆ ಹುಡುಗನನ್ನು ಬಿಡಿಸಿ ಕರೆಸಿಕೊಳ್ಳಬೇಕು. ಆಮೇಲೆ ಅವನೂ ಅಪ್ಪನ ಹಾಗೆ ಇಲ್ಲೇ ತಂತಿ ಕುಟ್ಟಿಕೊಂಡು... ಸೊಸೆ ಲವೀನಿಯಾ ಅದನ್ನು ನೆನೆದರೇ ತಲೆನೋವೆಂದು ಮಲಗುತ್ತಾಳೆ.

ಗುರುವಾರ, 14 ಸೆಪ್ಟೆಂಬರ್

ಗಂಡ ಹೆಂಡತಿ ಊಟದ ಮೇಜಿನ ಮೇಲೇ ಅರ್ಜಿ ತುಂಬುತ್ತಿದ್ದಾರೆ.

"ಅತ್ತೆ, ಊರಲ್ಲಿ, ಡಾರ್ಸೆಟ್‌ನಲ್ಲಿ, ನಮ್ಮ ಮನೆಗೆ ಏನು ಹೆಸರು?"

"ಮನೆಗೆ ಹೆಸರಿರಲಿಲ್ಲ. ಹಂದಿಗಿತ್ತು."

"ತಮಾಷೆ ಬೇಡಿ ಅತ್ತೆ."

"ತಮಾಷೆ ಎಲ್ಲಿ ಬಂತು? ಮನೆ ಜಮೀನ್ದಾರಂದು. ನಮ್ಮಪ್ಪ ದುಡಿಯೋವರೆಗೂ ಇರೋಕೆ ಕೊಟ್ಟಿದ್ದ. ಅಪ್ಪನ ಬೆನ್ನು ಹಿಡ್ಕೊಂಡ್ತು, ಆಚೆ ಹಾಕಿದ. ಹಂದಿ ನಮ್ಮದೇ."

ಲವೀನಿಯಾ ಸ್ವಲ್ಪ ಯೋಚಿಸಿ 'ಸ್ಟಿಕ್ಲೆಂಡ್ ಕಾಟೇಜ್' ಎಂದು ಬರೆದಳು. ಚೆನ್ನಾಗಿದೆ. ನಾನೂ ಒಮ್ಮೆ ನೋಡಬೇಕು.

ಸೋಮವಾರ, 25 ಸೆಪ್ಟೆಂಬರ್

ನಿನ್ನೆ ಚರ್ಚಿನ ಮುಂದೆ ಎಲ್ಲರ ಬಾಯಲ್ಲೂ ಊರಿನದೇ ಮಾತು. ಒಬ್ಬಳಿಗೆ ಸೇಬಿನ ಮರ ನೆನಪು, ಒಬ್ಬಳಿಗೆ ಹಿಮ ನೆನಪು. ಇಷ್ಟು ವರ್ಷ ಎಲ್ಲಿತ್ತೋ.

ಪಕ್ಕದ ಮನೆಯ ಮಿಸೆಸ್ ಬೆಲ್ಲೆಟಿ ಮಾತ್ರ ಸುಮ್ಮನಿದ್ದಳು. ಅವಳ ಗಂಡ ಅಂಬ್ರೋಸ್ ಪಕ್ಕದ ಮೇಜಿನಲ್ಲೇ ಕೂತು ಅದೇ ಕೆಲಸ ಮಾಡುತ್ತಾನೆ. ಅವನ ಅಜ್ಜಿ ಇಲ್ಲಿಯವಳು. ಬಾಯಿ ತೆರೆಯುವ ಮೊದಲೇ ನಿನಗಿಲ್ಲ ಎಂದರಂತೆ.

"ಆಂಟಿ, ಮಾರ್ಕೆಟ್ಟಲ್ಲಿ ಬದನೆಕಾಯಿ ರೇಟು ನಿಮ್ಮನೆಗೂ ನಮ್ಮನೆಗೂ ಒಂದೇ ತಾನೆ?" ಎಂದು ಕೇಳಿದಳು.

ನಾನು ಕೊಡೆ ಬಿಚ್ಚಿಕೊಂಡು ಮನೆ ಕಡೆ ಹೊರಟೆ.

ಮಂಗಳವಾರ, 3 ಅಕ್ಟೋಬರ್

ಅಂಬ್ರೋಸ್ ಊಟಕ್ಕೆ ಕೂರಲಿಲ್ಲ. ಅರ್ಜಿಗಳ ವಿಚಾರಣೆ ಮಾಡುವ ಮಿಸ್ಟರ್ ಕ್ರಿಚ್ಲಿ ಇವನದನ್ನು ತಡೆದಿದ್ದಾರೆ. ಹೋದ ತಿಂಗಳು ಯಾರನ್ನೋ ಮಣ್ಣು ಮಾಡಲು ಹೋದಾಗ ಪಾದ್ರಿ ಬರುವುದು ತಡವಾಯಿತಂತೆ. ಹೊತ್ತು ಹೋಗದೆ ಸುತ್ತಲಿನ ಕಲ್ಲುಗಳನ್ನು ಓದಿದ್ದಾರೆ. ನನ್ನ ಗಂಡನದನ್ನೂ ಓದಿದ್ದಾರೆ. ಸಾರ್ಜೆಂಟ್ ಜೋಬ್ ಸ್ಟಿಕ್ಲೆಂಡ್. ಅದರ ಕೆಳಗೆ — ಇವನ ಹೆಂಡತಿ ಟ್ರಿಫೀನಾ. ಹುಟ್ಟಿದ ವರ್ಷ ಇದೆ. ಸತ್ತ ವರ್ಷಕ್ಕೆ ಜಾಗ ಬಿಟ್ಟಿದೆ.

"ಬದುಕಿರೋರ ಹೆಸರು ಯಾರಾದ್ರೂ ಕೆತ್ತಿಸ್ತಾರಾ ಅಮ್ಮ?"

"ಎರಡೂ ಒಟ್ಟಿಗೆ ಕೆತ್ತಿದ್ರೆ ಒಂದೇ ಕೂಲಿ ಅಂದ ಕಲ್ಲುಕುಟಿಗ. ಆಗ ನಿನ್ನ ಹೊಟ್ಟೆಗೇ ನೆಟ್ಟಗೆ ಇರಲಿಲ್ಲ, ಇನ್ನು ಕಲ್ಲಿಗೆ ಎರಡು ಸಲ ಎಲ್ಲಿಂದ ತರೋದು?"

"ನಿಮ್ಮ ತಾಯಿ ಸಾಯೋಕೆ ಇಲ್ಲೇ ಜಾಗ ಹಿಡಿದಿದ್ದಾರಲ್ಲ, ಇನ್ನು ಇಂಗ್ಲೆಂಡು ಹೇಗ್ರಿ ನಿಮ್ಮ ಊರು ಅಂತ ಕೇಳ್ತಾರೆ. ಏನ್ ಹೇಳ್ಲಿ?"

ಕೇಳಿದ್ದು ಸರಿಯಾಗೇ ಇದೆ. ಕ್ರಿಚ್ಲಿಗೆ ತಲೆ ಇದೆ.

ಬುಧವಾರ, 4 ಅಕ್ಟೋಬರ್

ಲವೀನಿಯಾ ನನ್ನ ಕೋಣೆಗೆ ಟೀ ತಂದಳು. ತಾನೇ. ಆಗಲೇ ಅನುಮಾನ ಬಂತು.

"ಅತ್ತೆ, ಆ ಹೆಸರು ತೆಗೆಸಿಬಿಟ್ರೆ? ಬರೀ ಹೆಸರು. ಜಾಗ ಎಲ್ಲಿ ಹೋಗುತ್ತೆ?"

"ನನ್ನ ಹೆಸರು ಅಳಿಸೋಕೆ ನೀನು ಮದುವೆಯಾದ ದಿನದಿಂದ ಕಾಯ್ತಿದ್ದೀಯ, ನಂಗೊತ್ತು."

ಅತ್ತಳು. ಈ ಸಲದ್ದು ನಿಜವಾದ ಅಳು. ಹ್ಯೂಬರ್ಟ್‌ನ ಪತ್ರ ಓದಿ ಹೇಳಿದಳು — ಲ್ಯಾಟಿನ್‌ನಲ್ಲಿ ಕ್ಲಾಸಿಗೆ ಮೂರನೆಯವನು, ಕ್ರಿಕೆಟ್‌ನಲ್ಲಿ ಸೊನ್ನೆ.

ಯೋಚಿಸುತ್ತೇನೆ ಎಂದೆ. ಟೀಗೆ ಸಕ್ಕರೆ ಹಾಕುವುದು ಮರೆತಿದ್ದಳು.

ಗುರುವಾರ, 19 ಅಕ್ಟೋಬರ್

ಕ್ರಿಚ್ಲಿ ಬಂದಿದ್ದರು. ಒಣಕಲು ಮನುಷ್ಯ. ಬಿಸ್ಕತ್ತನ್ನು ಟೀಯಲ್ಲಿ ಅದ್ದಿ, ಅದು ಕಳಚಿ ಬಿದ್ದ ಮೇಲೆ ಚಮಚದಲ್ಲಿ ಹುಡುಕುವವರು.

"ಮಿಸೆಸ್ ಸ್ಟಿಕ್ಲೆಂಡ್, ಇಂಗ್ಲೆಂಡಿಗೆ ವಾಪಸ್ ಹೋಗೋ ಉದ್ದೇಶ ಇದೆಯಾ ನಿಮಗೆ?"

ಅಂಬ್ರೋಸ್ ಕಿಟಕಿಯಾಚೆ ನೋಡುತ್ತಿದ್ದ. ಚಿಕ್ಕವನಿದ್ದಾಗ ಬಟ್ಟಲು ಒಡೆದರೂ ಹೀಗೇ ನಿಲ್ಲುತ್ತಿದ್ದ.

"ಇದೆ," ಎಂದೆ.

"ಹಾಗಾದ್ರೆ ಆ ಕಲ್ಲು?"

"ಗಂಡ ಸತ್ತ ವಾರ ಹೆಂಗಸಿಗೆ ಬುದ್ಧಿ ಎಲ್ಲಿರುತ್ತೆ ಸಾಹೇಬ್ರೆ. ತೆಗೆಸ್ತೀನಿ."

"ನಿಮ್ಮ ಯಜಮಾನರಿಗೂ ವಾಪಸ್ ಹೋಗೋ ಮನಸ್ಸಿತ್ತಾ?"

"ಇತ್ತು. ಸತ್ತುಹೋದ್ರಲ್ಲ, ಅದಕ್ಕೆ ಆಗ್ಲಿಲ್ಲ."

ಬರೆದುಕೊಂಡರು. ಜೋಬ್ ಊರಿನ ಹೆಸರೆತ್ತಿದರೆ ಉಗಿಯುತ್ತಿದ್ದ. ಕಂಡ ಕಂಡ ಧಣಿಗೆ ಟೋಪಿ ತೆಗೆದು ತೆಗೆದೇ ನನ್ನ ಕೂದಲು ಉದುರಿದ್ದು ಎನ್ನುತ್ತಿದ್ದ.

ಸೋಮವಾರ, 6 ನವೆಂಬರ್

ಕಲ್ಲುಕುಟಿಗನ ಜೊತೆ ಸ್ಮಶಾನಕ್ಕೆ ನಾನೇ ಹೋದೆ. ಅಂಬ್ರೋಸ್‌ಗೆ ಆಫೀಸಿತ್ತಂತೆ.

"ಇದು ಯಾರ ಹೆಸರು ಮೇಮ್‌ಸಾಬ್?"

"ನಂದು."

ಉಳಿ ಕೆಳಗಿಟ್ಟ. "ಬದುಕಿರೋರ ಹೆಸರು ಅಳಿಸೋದು ಒಳ್ಳೇದಲ್ಲ, ತಾಯಿ."

"ಕೆತ್ತಿಸಿದ್ದೂ ಒಳ್ಳೇದಾಗ್ಲಿಲ್ಲವಂತೆ. ಹೊಡಿ."

ಹೊಡೆದ. ಉಳಿದ ಕಲ್ಲು ಮಳೆಗೆ ಕಪ್ಪಾಗಿದೆ, ಹೆಸರು ಕೆತ್ತಿ ತೆಗೆದಷ್ಟು ಜಾಗ ಬೆಳ್ಳಗಿದೆ. ಮೊದಲಿಗಿಂತ ಈಗಲೇ ದೂರದಿಂದ ಕಾಣುತ್ತದೆ.

ಬುಧವಾರ, 29 ನವೆಂಬರ್

ಭತ್ಯೆ ಮಂಜೂರಾಯಿತು. ಹ್ಯೂಬರ್ಟ್‌ನ ಮುಂದಿನ ಟರ್ಮಿನ ಫೀಸು ಕಟ್ಟಲು ಬರೆದರು. ಲವೀನಿಯಾ ನನ್ನ ಕೆನ್ನೆಗೆ ಮುತ್ತಿಟ್ಟಳು. ರಹೀಮ ಪುಡಿಂಗ್ ಮಾಡಿದ, ಬೆಂದಿತ್ತು.

ಬೆಲ್ಲೆಟಿ ಮನೆಗೂ ಒಂದು ತಟ್ಟೆ ಕಳಿಸಿದೆ. ತಟ್ಟೆ ತೊಳೆದು ವಾಪಸ್ ಬಂತು.

ಸೋಮವಾರ, 11 ಡಿಸೆಂಬರ್

ಬೆಳಿಗ್ಗೆ ಪಾದ್ರಿ ಬಂದರು. ಸೇತುವೆಯ ಇಂಜಿನಿಯರ್ ಮಿಸ್ಟರ್ ಗಾರ್ನೆಟ್ ಜ್ವರದಲ್ಲಿ ತೀರಿಕೊಂಡನಂತೆ. ಇಂಗ್ಲೆಂಡಿನಿಂದ ಬಂದು ವರ್ಷವಾಗಿಲ್ಲ, ಮದುವೆಯಾಗಿಲ್ಲ. ಸಂಜೆಗೇ ಮಣ್ಣಾಗಬೇಕು. ಸ್ಮಶಾನದಲ್ಲಿ ಜಾಗವಿಲ್ಲ. ಗೋಡೆ ಒಡೆದು ಆಚೆ ಹೊಲ ಸೇರಿಸಿಕೊಳ್ಳುವುದು ಬರುವ ವರ್ಷ.

"ಸಾರ್ಜೆಂಟ್ ಪಕ್ಕ ನೀವು ಕಾದಿರಿಸಿದ್ದು ಒಂದಿದೆಯಲ್ಲ, ಮಿಸೆಸ್ ಸ್ಟಿಕ್ಲೆಂಡ್. ನೀವಂತೂ ಊರಿಗೆ ಹೋಗೋರು. ಹೆಸರೂ ತೆಗೆಸಿದ್ದೀರಿ ಅಂತ ಕೇಳಿದೆ..."

ನಾನು ಅಂಬ್ರೋಸ್ ಕಡೆ ನೋಡಿದೆ. ಬಾಯಿಗೆ ಹಾಕಿದ್ದ ಟೋಸ್ಟ್ ನುಂಗಲು ಅವನಿಗೆ ಬಹಳ ಹೊತ್ತು ಹಿಡಿಯಿತು. ಕಾದೆ.

"ತಗೊಳ್ಳಿ ಪಾದ್ರಿಗಳೇ," ಎಂದ. "ಅಮ್ಮನಿಗೆ ಅದು ಬೇಕಾಗಲ್ಲ."

ಬೇರೆ ಏನು ಹೇಳುವಂತಿತ್ತು? ಇಲ್ಲ ಎಂದಿದ್ದರೆ ಮಧ್ಯಾಹ್ನಕ್ಕೇ ಕ್ರಿಚ್ಲಿ ಕಿವಿಗೆ ಬೀಳುತ್ತಿತ್ತು. ಲೆಕ್ಕ ಹಾಕಿದರೆ ಸರಿಯಾಗೇ ಹೇಳಿದ.

ಪಾದ್ರಿ ಹೋದ ಮೇಲೆ ಹತ್ತಿರ ಬಂದು ನನ್ನ ಶಾಲು ಸರಿಮಾಡಿದ. ಶಾಲು ಜಾರಿರಲಿಲ್ಲ.

ಭಾನುವಾರ, 17 ಡಿಸೆಂಬರ್

ಚರ್ಚ್ ಮುಗಿಸಿ ಸ್ಮಶಾನಕ್ಕೆ ಹೋದೆ. ಮಿಸೆಸ್ ಬೆಲ್ಲೆಟಿ ತಾನಾಗೇ ಜೊತೆಗೆ ಬಂದಳು. ಗೇಟಿನ ಹತ್ತಿರ ಬಂದಾಗ ಕೇಳಿದಳು.

"ಹಂಗಾದ್ರೆ ನಿಮ್ಮನ್ನ ಎಲ್ಲಿ ಹಾಕ್ತಾರೆ ಆಂಟಿ?"

"ಗೋಡೆ ಆಚೆ. ನಿನ್ನ ಪಕ್ಕ. ಅಲ್ಲೂ ಬದನೆಕಾಯಿ ರೇಟು ಕೇಳ್ತಿರು."

ನಕ್ಕಳು. ನನ್ನ ಕೈ ಹಿಡಿದು ಮೆಟ್ಟಿಲು ಇಳಿಸಿ, ತಾನು ಗೇಟಿನಲ್ಲೇ ಉಳಿದಳು.

ಜೋಬ್ ಪಕ್ಕದಲ್ಲಿ ಹೊಸ ಮಣ್ಣು. ಗಾರ್ನೆಟ್‌ಗೆ ಇಂಗ್ಲೆಂಡಿನ ನಾರ್‌ಫೋಕ್‌ನಲ್ಲಿ ತಾಯಿ ಇದ್ದಾಳಂತೆ. ವಾರವಾರ ಪತ್ರ ಬರೆಯುತ್ತಿದ್ದನಂತೆ, ರಜಕ್ಕೆ ಹಡಗಿನ ಟಿಕೆಟ್ಟೂ ಆಗಿತ್ತಂತೆ. ಅವನಿಗೆ ಭತ್ಯೆ ಕೇಳುವ ಮೊದಲೇ ಸಿಕ್ಕಿತ್ತು. ನಿನ್ನ ಊರು ಯಾವುದು ಎಂದು ಯಾರೂ ಕೇಳಲಿಲ್ಲ.

ಕಲ್ಲುಬೆಂಚಿನ ಮೇಲೆ ಕೂತೆ. ಇಷ್ಟು ವರ್ಷ ಭಾನುವಾರ ತಪ್ಪದೆ ಕೂತು ಮನೆಯ ಸುದ್ದಿಯೆಲ್ಲ ಜೋಬ್‌ಗೆ ಹೇಳಿದ್ದೇನೆ, ಸೊಸೆಯ ದೂರು ಸಮೇತ. ಇವತ್ತು ಹೇಳುವುದು ಬಹಳ ಇತ್ತು. ಪಕ್ಕದಲ್ಲೇ ಹೊರಗಿನವನು, ಗುರುತಿಲ್ಲ ಪರಿಚಯವಿಲ್ಲ. ಅಮ್ಮನಿಗೆ ಅದು ಬೇಕಾಗಲ್ಲ ಅಂದ ನಿನ್ನ ಮಗ, ಎಂದು ಅವನೆದುರಿಗೆ ಹೇಗೆ ಹೇಳಲಿ.