ಸಂಕಮ್ಮ ಎಣಿಸಿದ ಕಿಡಿಗಳು

ನೆರಳುಮನೆ, ಸುತ್ತು ೨೦೧೬, ದಿನ ಮೂವತ್ತೊಂಬತ್ತು

ಸೂರ್ಯನನ್ನು ಭೂಮಿಯಷ್ಟು ದೂರದಿಂದ ಕಂಡ ಹಿಂದಿನ ಕಾಲದ ಹಿರಿಯರಿಗೆ,

ಈ ತಾರೀಖು ನಿಮ್ಮ ಯಾವ ಕ್ಯಾಲೆಂಡರಿನಲ್ಲೂ ಸಿಗದು, ಹುಡುಕಿ ದಣಿಯಬೇಡಿ. ನಮ್ಮ ಮನೆ ನಲವತ್ತು ದಿನಕ್ಕೊಮ್ಮೆ ಸೂರ್ಯನನ್ನು ಸುತ್ತುತ್ತದೆ, ಅದೇ ನಮ್ಮ ವರ್ಷ. ಆ ಲೆಕ್ಕದಲ್ಲಿ ನನಗೀಗ ನಾನೂರ ಹತ್ತು, ನಿಮ್ಮ ಲೆಕ್ಕದಲ್ಲಿ ನಲವತ್ತೈದು, ತಲೆಗೂದಲಿನ ಲೆಕ್ಕದಲ್ಲಿ ಅರವತ್ತು. ಗುರುತಿಲ್ಲದ ಪದಗಳು ನುಸುಳಿದರೆ ಮನ್ನಿಸಿ. ನಿಮ್ಮ ಕಾಗದಗಳನ್ನು ಓದುವಾಗ ನಾವೂ ಹಾಗೆಯೇ ಮನ್ನಿಸಿದ್ದೇವೆ.

ನೆರಳುಮನೆಯೆಂದರೆ ಊರಗಲದ ಕೊಡೆಯ ಹಿಂದೆ ಅರವತ್ತು ಜನರ ವಾಸ. ಕೊಡೆಯ ಮುಂದೆ ಸೀಸ ಕರಗುತ್ತದೆ, ಹಿಂದೆ ಮೆಂತ್ಯ ಸೊಪ್ಪು ಬೆಳೆಯುತ್ತದೆ. ನಮ್ಮ ಕಸುಬು ನಿಮ್ಮ ಕಾಲದ್ದೇ ಒಂದು ಪ್ರಶ್ನೆ. ಒಲೆಯಿಂದ ದೂರ ಸರಿದಷ್ಟೂ ಕಾವು ಇಳಿಯಬೇಕು. ಸೂರ್ಯನ ಮೈ ಐದೂವರೆ ಸಾವಿರ ಡಿಗ್ರಿ. ಗ್ರಹಣದಲ್ಲಿ ಕಾಣುವ ಅದರ ಹೊರಗಿನ ಬೆಳ್ಳಿಪ್ರಭೆ, ನೀವು ಕರೋನಾ ಎನ್ನುವುದು, ಹತ್ತು ಲಕ್ಷಕ್ಕೂ ಮಿಕ್ಕಿ. ಬುಡಕ್ಕಿಂತ ತುದಿಗೆ ಬಿಸಿ, ಕೇಳಿದವರಿಗೆಲ್ಲ ತಲೆಬಿಸಿ.

ನಮ್ಮ ಹಿರಿಯರಾದ ಸಂಕಮ್ಮನವರು ಸೂರ್ಯನ ಮೇಲೆ ಸಿಡಿಯುವ ಅತಿ ಸಣ್ಣ ಕಿಡಿಗಳನ್ನು ಎಣಿಸುವವರು. ನಿಮ್ಮ ಲೆಕ್ಕದ ಹತ್ತೊಂಬತ್ತು ವರ್ಷ ಎಣಿಸಿ, ಪ್ರಭೆಯನ್ನು ಕಾಯಿಸಲು ಈ ಕಿಡಿಗಳೇ ಸಾಕೆಂದು ತೋರಿಸಿದರು. ಉತ್ತರಕ್ಕೆ ಅವರ ಹೆಸರನ್ನೇ ಇಡಲು ಉಳಿದ ನಲವತ್ತು ನೆರಳುಮನೆಗಳೂ ಒಪ್ಪಿದವು. ಘೋಷಣೆಯ ದಿನವೂ ಗೊತ್ತಾಯಿತು.

ಘೋಷಣೆಯ ಹಿಂದಿನ ದಿನ ನಮ್ಮಲ್ಲಿ ‘ಹೊಸ್ತಿಲು ಕೂರುವ’ ಪದ್ಧತಿಯಿದೆ. ಕಂಡುಹಿಡಿದವರು ಊಟದ ಕೋಣೆಯ ಹೊಸ್ತಿಲಲ್ಲಿ ಲೆಕ್ಕದ ಹಾಳೆ ಹರಡಿಕೊಂಡು ಕೂರಬೇಕು. ಒಳಹೋಗುವ ಪ್ರತಿಯೊಬ್ಬರೂ ಒಂದು ಪ್ರಶ್ನೆ ಕೇಳಬೇಕು. ಕೇಳದವರಿಗೆ ಊಟವಿಲ್ಲ, ಹೀಗಾಗಿ ನಮ್ಮಲ್ಲಿ ಕುತೂಹಲಕ್ಕೆ ಕೊರತೆಯಿಲ್ಲ. ಪಂಡಿತರ ಪ್ರಶ್ನೆಗಳಿಗೆಲ್ಲ ಸಂಕಮ್ಮ ನಗುತ್ತಲೇ ಉತ್ತರ ಕೊಟ್ಟರು. ಕೊನೆಗೆ ಅಡುಗೆಯ ಫಕೀರಪ್ಪ ಕೈ ಒರೆಸಿಕೊಳ್ಳುತ್ತ ಬಂದು, ಯಾವ ಹೊತ್ತಿಗೆ ಎಷ್ಟು ಕಿಡಿ ಎಂದು ಬರೆದಿದ್ದ ಹಾಳೆಯ ಮೇಲೆ ಬೆರಳಾಡಿಸಿದ.

“ಅಕ್ಕಾರ, ದಿನಾ ನಾ ರೊಟ್ಟಿ ಬೇಯಿಸೂ ಹೊತ್ತಿಗೇ ಸೂರ್ಯಾ ಯಾಕ ಇಷ್ಟ ಕಿಡಿ ಕಾರ್ತಾನ? ಅವಂಗೂ ಹಸಿವಾಗ್ತದೇನು?”

ಯಾರೋ ನಕ್ಕರು. ಸಂಕಮ್ಮ ನಗಲಿಲ್ಲ, ಎದ್ದು ಹೋಗಿ ಯಂತ್ರವನ್ನು ಪರೀಕ್ಷಿಸಿದರು. ಫಕೀರಪ್ಪನ ವಿದ್ಯುತ್ ಹಂಚು ಹೊತ್ತಿ ಆರಿದಾಗಲೆಲ್ಲ ಕಿಡಿ ನೋಡುವ ಯಂತ್ರ ಒಮ್ಮೆ ಬೆಚ್ಚುತ್ತಿತ್ತು. ಬೆಚ್ಚಿದ್ದನ್ನೂ ಕಿಡಿಯೆಂದೇ ಬರೆದುಕೊಳ್ಳುತ್ತಿತ್ತು. ಘೋಷಣೆ ಮುಂದಕ್ಕೆ ಹಾಕಿ, ಹಂಚು ಆರಿಸಿ, ಹತ್ತು ದಿನ ನೆನೆಸಿದ ಅವಲಕ್ಕಿ ತಿಂದೆವು. ಕೂಳು ತಣ್ಣಗಾಯಿತು, ಗೋಳು ಬಣ್ಣಬಣ್ಣದ್ದಾಯಿತು. ಕಿಡಿಗಳು ಮೂರರಲ್ಲಿ ಒಂದು ಪಾಲಿಗೆ ಇಳಿದವು. ಅಷ್ಟು ಕಿಡಿ ಪ್ರಭೆಯನ್ನು ಕಾಯಿಸಲು ಸಾಲದು.

ಹೆಸರು ಇರಲಿ, ತಪ್ಪನ್ನು ಅಡಿಟಿಪ್ಪಣಿಗೆ ತಳ್ಳೋಣ ಎಂದು ಕೆಲವರು ಪಿಸುಗುಟ್ಟಿದರು. ಹೀಗೆ ಹೇಳಿದವರಲ್ಲಿ ನಾನೂ ಒಬ್ಬ. ಬರೆಯಲು ಮುಜುಗರ, ಬರೆಯದಿದ್ದರೆ ಇನ್ನೂ ಮುಜುಗರ. ಸಂಕಮ್ಮ ನಲವತ್ತು ಮನೆಗಳೂ ಕೇಳುವಂತೆ ಘೋಷಿಸಿದರು.

“ಮೂರರಾಗ ಒಂದು ಪಾಲು ಸೂರ್ಯಂದು. ಎರಡು ಪಾಲು ನಮ್ಮ ಅಡಗಿಮನೀದು. ನನ್ನ ಹೆಸರು ತಗೀರಿ, ಪ್ರಶ್ನೆ ಹಾಂಗ ಇಡ್ರಿ.”

ಉತ್ತರ ಕಂಡ ಮನೆ ಎಂಬ ಹೆಗ್ಗಳಿಕೆ ನಮಗೆ ತಪ್ಪಿತು. ಆದರೂ ಅಂದು ಎದೆಯುಬ್ಬಿಸಿ ಓಡಾಡಿದಷ್ಟು ನಾವು ಎಂದೂ ಓಡಾಡಿಲ್ಲ. ಆ ಸುತ್ತು ಮುಗಿಯುವುದರೊಳಗೆ ಹನ್ನೊಂದು ಮನೆಗಳು ತಮ್ಮ ಹಳೆಯ ಹಾಳೆಗಳನ್ನು ಹರವಿ, ಯಾರೂ ಕೇಳದೆಯೇ, ತಿದ್ದಿಕೊಂಡವು.

ಈಗ ಉಳಿದ ಒಂದು ಪಾಲಾದರೂ ನಿಲ್ಲುತ್ತದೆಯೇ ಎಂದು ನಿಮ್ಮ ಕಾಲದ ಅಳತೆಗಳೊಂದಿಗೆ ತಾಳೆ ನೋಡಬೇಕಾಗಿದೆ. ನಿಮ್ಮ ಅಂಕಿಗಳು ನಮಗೆ ತಲುಪಿವೆ. ಚೊಕ್ಕವಾಗಿವೆ, ತೀರಾ ಚೊಕ್ಕವಾಗಿವೆ. ಅಳೆಯುವಾಗ ಪಕ್ಕದಲ್ಲಿ ಯಾವ ಪಂಪು ಓಡುತ್ತಿತ್ತು, ಯಾವ ಬಾಗಿಲು ತೆರೆದಿತ್ತು, ಯಾರ ಮೊಣಕೈ ತಗುಲಿತು ಎಂದು ಯಾರೂ ಬರೆದಿಲ್ಲ. ದಯವಿಟ್ಟು ಬರೆದಿಡಿ, ನಾಚಿಕೆಯಾಗುವಂಥದ್ದನ್ನು ಮೊದಲು ಬರೆಯಿರಿ. ಸಂಕಮ್ಮನವರಿಗೆ ನಿಮ್ಮ ಲೆಕ್ಕದಲ್ಲಿ ಎಪ್ಪತ್ತೊಂದು. ನಾಳೆ ಬೆಳಿಗ್ಗೆ ಅವರು ಒಂದರಿಂದ ಮತ್ತೆ ಎಣಿಸಲು ಕೂರುತ್ತಾರೆ. ಅವರು ನಿಲ್ಲಿಸಿದ ಅಂಕಿಯ ಮುಂದಿನ ಅಂಕಿ ನನ್ನದು.

ಇಂದುಧರ,
ಸಂಕಮ್ಮನವರ ಲೆಕ್ಕದ ಸಹಾಯಕ