ತೊಳೆಯದ ಬಿಳಿ ಅಂಗಿ

ಮಗಳೇ ಜುರೆಮಾ, ಆಶೀರ್ವಾದ.

ನನ್ನ ಹೆಸರು ಕೇಳಿದರೆ ಈ ಊರಿನ ಪೊಲೀಸರೆಲ್ಲ ಗಡಗಡ ನಡುಗುತ್ತಾರೆ. ಶುಕ್ರವಾರ ಒಶಲಾ ದೇವರಿಗೆಂದು ಬಿಳಿ ಉಟ್ಟು ಹೊರಟಿದ್ದೆ. ಇಬ್ಬರು ಪೊಲೀಸರು ಗೋಡೆಗೆ ಒತ್ತಿ ಹಿಡಿದರು.

“ಏಯ್ ಕರಿಯ, ಈ ಬಿಳಿ ಬಟ್ಟೆ ಯಾರ ಮನೇಲಿ ಕದ್ದೆ?”

“ನಿಮ್ಮ ಮನೇಲೇ ಸಾಹೇಬ್ರೇ. ನಿಮ್ಮಮ್ಮ ಇಸ್ತ್ರೀನೂ ಮಾಡಿ ಕೊಟ್ರು” ಅಂದೆ.

ಬಂದೂಕಿನ ಹಿಡಿ ಬಾಯಿಗೆ ಬಿತ್ತು. ಕೆಳಗೆ ಬಿದ್ದ ಮೇಲೆ ಬೂಟು ಮುಖಕ್ಕೆ ಬಂತು.

ನಿನ್ನ ಅತ್ತೆ ಅಂಗಿಯ ರಕ್ತಕ್ಕೆ ಸೋಪು ಹಚ್ಚಲು ಹೊರಟಿದ್ದಳು, ಕಿತ್ತುಕೊಂಡು ಈ ಕಾಗದದ ಜೊತೆ ಹಾಗೇ ಕಳಿಸಿದ್ದೇನೆ. ನಮ್ಮವರ ಮೇಲೆ ಹೀಗೆ ಕೈ ಮಾಡಬಾರದೆಂದು ನೀನು ಬ್ರಸೀಲಿಯಾದ ಸಂಸತ್ತಿನಲ್ಲಿ ಕೂತು ಬರೆಸಿದ ಕಾನೂನು ಮಂಗಳವಾರ ಮತಕ್ಕೆ ಬರುತ್ತದಲ್ಲ, ಆಗ ಈ ಅಂಗಿಯನ್ನು ಆ ಸದಸ್ಯರ ಮೇಜಿನ ಮೇಲೆ ಹರಡು. ನಿನ್ನ ಅಮ್ಮನಿಗೆ ಒಂದು ಹಲ್ಲು ಅಲ್ಲಾಡುತ್ತಿದೆ ಅಂತಷ್ಟೇ ಹೇಳಿದ್ದೇನೆ. ಸಭೆಯಲ್ಲಿ ಮಾತ್ರ ನಿಜ ಓದು: ಹೋಗಿದ್ದು ಐದು ಹಲ್ಲು, ಎಡಗಣ್ಣು.

ನಿನ್ನ ಸೋದರಮಾವ,
ಜುವೆನಾಲ್